ಬೃಹನ್ನಳೆಯ ನಾಡಿನ ಕಥೆಗಾರರಿಗೆ

ಕನ್ನಡ ಸಿನಿಮಾಗಳಿಗೆ, ಧಾರಾವಾಹಿಗಳಿಗೆ, ವಾರಾಂತ್ಯದ ಕಾಮಿಡಿ ಷೋಗಳಿಗೆ ಕಥೆ, ಸಂಭಾಷಣೆ ಬರೆಯುವ ಗೆಳೆಯರೇ,

ನಟರಿಗೆ ಅಭಿಮಾನಿಗಳು ಪತ್ರ ಬರೆಯುತ್ತಾರೆ, ನಿರ್ದೇಶಕರನ್ನು ಪತ್ರಕರ್ತರು ಪ್ರಶ್ನೆ ಕೇಳುತ್ತಾರೆ. ನಿಮ್ಮನ್ನು ಕೇಳುವವರಿಲ್ಲ. ಟೈಟಲ್ ಕಾರ್ಡಿನಲ್ಲಿ ನಿಮ್ಮ ಹೆಸರು ಬರುವ ಹೊತ್ತಿಗೆ ಜನ ಇನ್ನೂ ಮೊಬೈಲ್ ಬೆಳಕಿನಲ್ಲಿ ಸೀಟು ಹುಡುಕುತ್ತಿರುತ್ತಾರೆ. ಆದರೂ ಈ ಪತ್ರ ನಿಮಗೇ. ನಾನು ಹೇಳಹೊರಟ ಸಂಗತಿ ಕ್ಯಾಮೆರಾ ಮುಂದೆ ಹುಟ್ಟುವುದಲ್ಲ. ಅದಕ್ಕೂ ಮೊದಲು, 'ಇಲ್ಲೊಂದು ಕಾಮಿಡಿ ಬೇಕಲ್ಲ ಗುರೂ' ಅಂತ ನೀವು ಪೆನ್ನು ಕಚ್ಚಿಕೊಂಡು ಕೂತ ಗಳಿಗೆಯಲ್ಲಿ ಹುಟ್ಟುವುದು.

ನನ್ನ ಪರಿಚಯ ದೊಡ್ಡದೇನಿಲ್ಲ. ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ವಯಸ್ಸು ಐವತ್ತರ ಆಸುಪಾಸು. ಗೇ. ಕನ್ನಡ ಸಿನಿಮಾ ನೋಡುವುದು ಚಿಕ್ಕಂದಿನಲ್ಲಿ ಹತ್ತಿದ ಚಟ, ಬಿಡುವ ಇರಾದೆ ಇಲ್ಲ. ಹಾಗಾಗಿ ಇದನ್ನು ಟಿಕೆಟ್ಟಿಗೆ ದುಡ್ಡು ಕೊಟ್ಟವನ ತಕರಾರು ಅಂತಲೇ ಓದಿಕೊಳ್ಳಿ.

ಆ ಸೀನು ನಿಮಗೆ ಬಾಯಿಪಾಠ. ಹೀರೋ ಮತ್ತವನ ಪಟಾಲಂ ಪಬ್ಬಿನಲ್ಲೋ ಜಿಮ್ಮಿನಲ್ಲೋ ಕೂತಿದೆ. ಬಿಗಿ ಟೀ-ಷರ್ಟಿನ, ಬಣ್ಣ ಹಾಕಿದ ಕೂದಲಿನ ಒಬ್ಬ ಸೊಂಟ ಬಳುಕಿಸುತ್ತ ಬರುತ್ತಾನೆ. ರೀರೆಕಾರ್ಡಿಂಗ್‌ನವರು 'ಟೊಯ್ಂಯ್' ಅಂತ ಒಂದು ಸದ್ದು ಹಾಕಿರುತ್ತಾರೆ. ಅವನು ಹೀರೋನ ತೋಳು ಸವರುತ್ತಾನೆ. ಹೀರೋ ಹೌಹಾರಿ ಹಿಂದೆ ಸರಿಯುತ್ತಾನೆ. ಜೊತೆಗಿರುವ ಕಾಮಿಡಿ ನಟ ಹಿಂಬದಿಗೆ ಕೈ ಅಡ್ಡ ಹಿಡಿದು ಗೋಡೆಗೆ ಒರಗಿಕೊಳ್ಳುತ್ತಾನೆ. ಥಿಯೇಟರು ಗೊಳ್ಳೆನ್ನುತ್ತದೆ. ಬಂದವನಿಗೆ ಹೆಸರಿಲ್ಲ, ಮನೆಯಿಲ್ಲ, ಕೆಲಸವಿಲ್ಲ, ಎರಡನೇ ಸೀನೂ ಇಲ್ಲ.

ಇದು ಯಾವ ಒಂದು ಚಿತ್ರದ ಸೀನೂ ಅಲ್ಲ. ಕನ್ನಡ, ತೆಲುಗು, ತಮಿಳು, ಹಿಂದಿ ಎಲ್ಲದರಲ್ಲೂ ಇದ್ದದ್ದೇ. ನನಗೆ ಕುತೂಹಲ ಇರುವುದು ಬೇರೊಂದು ಪ್ರಶ್ನೆಯಲ್ಲಿ: ಈ ಸೀನಿನಿಂದ ಕಥೆಗೆ ಏನು ಲಾಭ? ಅರ್ಥಶಾಸ್ತ್ರದ ಮೇಷ್ಟ್ರು ತಾನೆ, ಲಾಭ ನಷ್ಟ ಕೇಳದಿದ್ದರೆ ಹೇಗೆ. ಆ ಪಾತ್ರವನ್ನು ಕಿತ್ತುಹಾಕಿದರೆ ಕಥೆ ಒಂದಿಂಚೂ ಅಲುಗಾಡುವುದಿಲ್ಲ. ಹಾಗಿದ್ದರೂ ನೀವು ಬರೆಯುತ್ತೀರಿ, ಯಾಕೆಂದರೆ ಅದರಿಂದ ಆಗುವ ಕೆಲಸ ಕಥೆಯದ್ದಲ್ಲ, ಹೀರೋನದ್ದು. ನಮ್ಮ ಸಿನಿಮಾಗಳಲ್ಲಿ ಗಂಡಸರ ಗೆಳೆತನ ಎಷ್ಟು ಉತ್ಕಟವಾಗಿ ಇರುತ್ತದೆ ನೋಡಿ. ಗೆಳೆಯನಿಗಾಗಿ ಪ್ರಾಣ ಕೊಡುತ್ತಾನೆ, ಗೆಳೆಯನನ್ನು ತಬ್ಬಿಕೊಂಡು ಅಳುತ್ತಾನೆ, ಗೆಳೆಯನಿಗೆ ಪ್ರೇಯಸಿಯನ್ನೇ ಬಿಟ್ಟುಕೊಡುತ್ತಾನೆ. ಇಷ್ಟೆಲ್ಲ ಬರೆದ ಮೇಲೆ ನಿಮಗೇ ಒಳಗೊಳಗೆ ದಿಗಿಲು: ಜನ ತಪ್ಪು ತಿಳಿದುಕೊಂಡರೆ? ಆಗ ಆ ಬಳುಕುವವನನ್ನು ಕರೆಸಿ, ಹೀರೋ ಅವನಿಂದ ಹೌಹಾರುವುದನ್ನು ತೋರಿಸಿ, 'ನೋಡಿ, ನಮ್ಮವನು ಅಂಥವನಲ್ಲ' ಎಂಬ ಸರ್ಟಿಫಿಕೇಟು ಅಂಟಿಸುತ್ತೀರಿ.

2008ರ ಹಿಂದಿ ಚಿತ್ರ 'ದೋಸ್ತಾನಾ' ಪೂರ್ತಿ ನಿಂತಿರುವುದು ಈ ದಿಗಿಲಿನ ಮೇಲೆಯೇ. ಮಯಾಮಿಯಲ್ಲಿ ಬಾಡಿಗೆ ಮನೆ ಸಿಗಲೆಂದು ಇಬ್ಬರು ಗಂಡಸರು ಗೇ ಜೋಡಿಯಂತೆ ನಟಿಸುತ್ತಾರೆ. ಅದನ್ನು ನೋಡಿ ಸಿಟ್ಟು ಬಂದವರು ನಮ್ಮಲ್ಲಿ ಎಷ್ಟಿದ್ದರೋ, ಗುಟ್ಟಾಗಿ ಖುಷಿಪಟ್ಟವರೂ ಅಷ್ಟೇ ಇದ್ದರು. ಸುಳ್ಳು ಜೋಡಿಯನ್ನು ನಿಜವೆಂದು ನಂಬಿದ ತಾಯಿ ಅತ್ತು, ಕರೆದು, ಕೊನೆಗೆ ಸೊಸೆಗೆಂದು ಇಟ್ಟಿದ್ದ ಬಳೆಯನ್ನು ಆ ಹುಡುಗನಿಗೆ ಕೊಡುತ್ತಾಳೆ. ತಮಾಷೆಗೆಂದು ಬರೆದ ಸೀನು ಅದು. ಆದರೆ ತಾಯಿಯೊಬ್ಬಳು ಹಾಗೆ ಮಾಡಬಹುದು ಎಂಬುದನ್ನು ಎಷ್ಟೋ ಹುಡುಗರು ಮೊದಲ ಸಲ ನೋಡಿದ್ದು ಅಲ್ಲೇ. ಸಂಭಾಷಣೆಕಾರನ ಉದ್ದೇಶ ಒಂದು, ಪ್ರೇಕ್ಷಕ ಮನೆಗೆ ಹೊತ್ತೊಯ್ಯುವುದು ಇನ್ನೊಂದು. ನಿಮ್ಮ ಕಸುಬಿನ ಈ ಗಮ್ಮತ್ತು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ನನ್ನ ತರಗತಿಗೆ ಹೊತ್ತುಕೊಂಡು ಬರುವುದು ಮಾತ್ರ ಬೇರೆಯೇ ಸರಕು. ಶನಿವಾರ, ಭಾನುವಾರದ ಸ್ಕಿಟ್ಟಿನಲ್ಲಿ ಹೊಸದೊಂದು 'ಹೆಣ್ಣಿಗ'ನ ಪಾತ್ರ ಹಿಟ್ ಆದರೆ, ಸೋಮವಾರ ಆ ಪಾತ್ರದ ಹೆಸರು ನಮ್ಮ ಕಾಲೇಜಿನ ಯಾವುದೋ ಹುಡುಗನಿಗೆ ಅಂಟುತ್ತದೆ. ಆ ಹುಡುಗ ಗೇ ಆಗಿರಬೇಕೆಂದೇನಿಲ್ಲ. ದನಿ ಸ್ವಲ್ಪ ಸಣ್ಣಗಿದ್ದರೆ ಸಾಕು. ಪುಸ್ತಕವನ್ನು ಎದೆಗೊತ್ತಿಕೊಂಡು ನಡೆದರೆ ಸಾಕು, ಕಬಡ್ಡಿ ಆಡದಿದ್ದರೆ ಸಾಕು. ನಮ್ಮ ಕಾಲದಲ್ಲಿ ಅವನಿಗೆ 'ಒಂಬತ್ತು' ಅನ್ನುತ್ತಿದ್ದರು, 'ಚಕ್ಕ' ಅನ್ನುತ್ತಿದ್ದರು. ಈಗ ನೀವು ಕೊಟ್ಟ ಹೆಸರು, ನೀವು ಕೊಟ್ಟ ಸಂಗೀತದ ಸಮೇತ. ಹಿಂದಿನ ಬೆಂಚಿನಿಂದ ಆ 'ಟೊಯ್ಂಯ್' ಬಂದಾಗ ನಾನು ತಿರುಗಿ ಬೋರ್ಡಿನ ಮೇಲೆ ಬೇಡಿಕೆ ರೇಖೆ ಎಳೆಯುವುದಿಲ್ಲ. ಪಾಠ ನಿಲ್ಲಿಸಿ ಜಗಳ ಆಡುತ್ತೇನೆ. ಜಗಳ ಗೆಲ್ಲುತ್ತೇನೆ ಅಂತ ಹೇಳಲಾರೆ. ನನ್ನದು ಮೂವತ್ತು ಹುಡುಗರ ಕ್ಲಾಸು, ನಿಮ್ಮದು ಇಡೀ ಕರ್ನಾಟಕ.

ಗಂಡಸು ಅಂದರೆ ಹೀಗೇ ಇರಬೇಕು ಎಂಬ ಅಳತೆಗೋಲು ನಮ್ಮ ತಾತ ಮುತ್ತಾತಂದಿರಿಂದ ಬಂದದ್ದು ಅಂತ ನಿಮ್ಮಲ್ಲಿ ಕೆಲವರು ವಾದಿಸುತ್ತೀರಿ. ಈ ವಾದ ನನಗೆ ಒಪ್ಪಿಗೆ ಇಲ್ಲ. ವಿರಾಟಪರ್ವ ನೆನಪು ಮಾಡಿಕೊಳ್ಳಿ. ಅರಮನೆಯ ಹೆಂಗಸರ ಮುಂದೆ ಕೌರವರನ್ನು ಹಾಗೆ ತರಿಯುತ್ತೇನೆ, ಹೀಗೆ ಕೊಲ್ಲುತ್ತೇನೆ ಎಂದು ಕೊಚ್ಚಿಕೊಂಡವನು ಉತ್ತರ ಕುಮಾರ. ಅವನ ಪೌರುಷ ಒಲೆಯ ಮುಂದೆ ಎಂದು ಗಾದೆಯನ್ನೇ ಕಟ್ಟಿ ಇಟ್ಟಿದ್ದಾರೆ ನಮ್ಮ ಜನ. ಸೇನೆ ಕಂಡದ್ದೇ ತಡ ರಥದಿಂದ ಧುಮುಕಿ ಓಡಿದವನನ್ನು ಹಿಡಿದು ತಂದವರು ಯಾರು? ಬಳೆ ತೊಟ್ಟು, ಜಡೆ ಹಾಕಿ, ಉತ್ತರೆಗೆ ನಾಟ್ಯ ಕಲಿಸುತ್ತಿದ್ದ ಬೃಹನ್ನಳೆ. ಕುಮಾರವ್ಯಾಸನನ್ನು ಗಮಕದಲ್ಲಿ ಕೇಳುತ್ತ ಹಳ್ಳಿಯ ಕಟ್ಟೆಗಳಲ್ಲಿ ಕೂತ ಜನ ನಕ್ಕಿದ್ದು ಮೀಸೆಯವನನ್ನು ನೋಡಿ, ಬಳೆಯವಳನ್ನು ನೋಡಿಯಲ್ಲ. ಈಗ 'ಬಳೆ ತೊಟ್ಕೊಂಡಿದೀಯಾ' ಎಂಬ ಸಂಭಾಷಣೆಗೆ ನೀವು ಶಿಳ್ಳೆ ಗಿಟ್ಟಿಸುತ್ತಿದ್ದೀರಿ. ಬೃಹನ್ನಳೆ ಕೇಳಿಸಿಕೊಂಡಿದ್ದರೆ ಏನನ್ನುತ್ತಿದ್ದಳೋ!

ಅಷ್ಟು ಹಿಂದಕ್ಕೆ ಯಾಕೆ, ಕರಾವಳಿಗೆ ಹೋಗಿ. ಯಕ್ಷಗಾನದ ಸ್ತ್ರೀವೇಷಧಾರಿ ರಾತ್ರಿಯಿಡೀ ದಮಯಂತಿಯಾಗಿ ಅತ್ತರೆ ಸಭೆಯೂ ಅಳುತ್ತದೆ. ಕೋಳ್ಯೂರು ರಾಮಚಂದ್ರ ರಾಯರ ಹೆಸರನ್ನು ಇವತ್ತಿಗೂ ಕೈಮುಗಿದು ಹೇಳುವ ಹಿರಿಯರಿದ್ದಾರೆ. ಮಂಟಪ ಪ್ರಭಾಕರ ಉಪಾಧ್ಯರು ಒಬ್ಬರೇ ನಿಂತು ಸ್ತ್ರೀಪಾತ್ರಗಳನ್ನಷ್ಟೇ ಆಡಿ ತೋರಿಸಿದ ಏಕವ್ಯಕ್ತಿ ಪ್ರಯೋಗಕ್ಕೆ ವಿದ್ವಾಂಸರು ಸಾಲುಗಟ್ಟಿ ಬಂದರು. ಅದೇ ಊರಿನಲ್ಲಿ ಅದೇ ಒನಪಿನಲ್ಲಿ ಹುಡುಗನೊಬ್ಬ ಬಸ್‌ಸ್ಟ್ಯಾಂಡಿಗೆ ನಡೆದು ಹೋದರೆ ಏನಾಗುತ್ತದೆ ಎಂಬುದನ್ನೂ ನಾನು ಬಲ್ಲೆ. ಹಾಗಾಗಿ ನಮ್ಮ ಪರಂಪರೆ ತುಂಬ ಉದಾರವಾಗಿತ್ತು ಅಂತ ತುತ್ತೂರಿ ಊದುವುದಿಲ್ಲ. ವೇಷಕ್ಕೆ ಇದ್ದ ಸಲಿಗೆ ಮನುಷ್ಯನಿಗೆ ಇರಲಿಲ್ಲ. ಆದರೆ ವೇಷವನ್ನು ನೋಡಿ ಅಳುವುದಾದರೂ ಗೊತ್ತಿತ್ತು.

ಸಿನಿಮಾದಲ್ಲಿ ಕೂಡ ಗಂಡಸು ಯಾವಾಗಲೂ ಒಂದೇ ಥರ ಇರಲಿಲ್ಲ. 1971ರ 'ಕಸ್ತೂರಿ ನಿವಾಸ'ದ ರಾಜ್‌ಕುಮಾರ್ ಯಾರನ್ನು ಹೊಡೆದು ದೊಡ್ಡವರಾದರು? ಕೊಟ್ಟು ಕೊಟ್ಟು ಬರಿಗೈಯಾದ ಮನುಷ್ಯನನ್ನು ನೋಡಿ ನಮ್ಮ ತಂದೆಯಂಥ ಒರಟರು ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡರು. 1995ನೇ ಇಸವಿಯೊಂದನ್ನೇ ತೆಗೆದುಕೊಳ್ಳಿ. ಉಪೇಂದ್ರ 'ಓಂ' ಮಾಡಿದರು, ಶಿವರಾಜ್‌ಕುಮಾರ್ ಕೈಗೆ ಲಾಂಗು ಬಂತು. ಅದೇ ವರ್ಷ ಸುನೀಲ್ ಕುಮಾರ್ ದೇಸಾಯಿ 'ಬೆಳದಿಂಗಳ ಬಾಲೆ' ಮಾಡಿದರು. ಅದರಲ್ಲಿ ಅನಂತನಾಗ್ ಚೆಸ್ ಆಟಗಾರ, ಟೆಲಿಫೋನಿನ ಆಚೆ ತುದಿಯ ಒಂದು ದನಿಗಾಗಿ ಕಾದು ಕೂರುವವನು. ಎರಡನ್ನೂ ಇದೇ ಕನ್ನಡದ ಜನ ನೋಡಿದರು. ಆಮೇಲೆ ಬರೆಯುವವರಿಗೆ ಲಾಂಗಿನ ದಾರಿ ಸಲೀಸಾಗಿ ಕಂಡಿತು. 'ಜೋಗಿ', 'ದುನಿಯಾ', ಕೊನೆಗೆ 2018ರ 'ಕೆಜಿಎಫ್'. ಇವು ಕೆಟ್ಟ ಚಿತ್ರಗಳೆಂದು ನಾನು ಹೇಳುತ್ತಿಲ್ಲ. 'ಓಂ' ಈಗಲೂ ಯಾವುದಾದರೂ ಥಿಯೇಟರಿನಲ್ಲಿ ಮರುಬಿಡುಗಡೆ ಆದರೆ ಹೋಗುತ್ತೇನೆ. ಆದರೆ ಟೆಲಿಫೋನ್ ಹಿಡಿದ ಗಂಡಸು ನಮ್ಮ ಪರದೆಯಿಂದ ಎತ್ತ ಹೋದ? ಅವನು ಇದ್ದಿದ್ದರೆ ನಮ್ಮಂಥವರಿಗೂ ಪಕ್ಕದಲ್ಲೊಂದು ಕುರ್ಚಿ ಸಿಗುತ್ತಿತ್ತು. ಗಂಡಸಿನ ಅಳತೆ ಕಿರಿದಾದಷ್ಟೂ ಅದರಿಂದ ಹೊರಗೆ ಬೀಳುವವರು ಜಾಸ್ತಿ. ಹೊರಗೆ ಬಿದ್ದವರಲ್ಲಿ ಹೆಚ್ಚಿನವರು ಗೇ ಅಲ್ಲ, ಸುಮ್ಮನೆ ಮೆತ್ತಗಿನ ಮನುಷ್ಯರು.

ಇಷ್ಟು ಹೇಳಿದರೆ ನಿಮ್ಮಲ್ಲಿನ ಒಳ್ಳೆಯ ಮನಸ್ಸಿನವರು ತಕ್ಷಣ ಒಂದು ಪರಿಹಾರ ಹೇಳುತ್ತೀರಿ. 'ಆಯ್ತು ಸಾರ್, ಬಳುಕುವವನನ್ನು ಬಿಟ್ಟು ಗಟ್ಟಿಮುಟ್ಟಾದ, ಮೀಸೆ ಬಿಟ್ಟ ಗೇ ಪಾತ್ರ ಬರೀತೀವಿ. ಆದರ್ಶ ಪಾತ್ರ.' ನನ್ನ ದೊಡ್ಡ ತಕರಾರು ಇಲ್ಲಿಂದಲೇ ಶುರು.

ಗಟ್ಟಿಮುಟ್ಟಾದ ಗೇ ಪಾತ್ರ ಪಕ್ಕದ ಮನೆಗಳಲ್ಲಿ ಬಂದಾಗಿದೆ. 2013ರ ಮಲಯಾಳಂ ಚಿತ್ರ 'ಮುಂಬೈ ಪೊಲೀಸ್'ನಲ್ಲಿ ಪೃಥ್ವಿರಾಜ್ ಮಾಡಿದ ಪೊಲೀಸ್ ಅಧಿಕಾರಿಗಿಂತ ಒರಟು ಗಂಡಸು ಬೇಕೆ? ಕೊನೆಗೆ ಗೊತ್ತಾಗುತ್ತದೆ, ಅವನು ಗೇ, ಆ ಗುಟ್ಟು ಉಳಿಸಿಕೊಳ್ಳಲು ಗೆಳೆಯನನ್ನೇ ಕೊಂದವನೂ ಅವನೇ. ಅಷ್ಟು ದೊಡ್ಡ ಸ್ಟಾರ್ ಆ ಪಾತ್ರ ಒಪ್ಪಿಕೊಂಡದ್ದಕ್ಕೆ ಸಲಾಂ ಹೊಡೆಯುತ್ತೇನೆ. ಆದರೆ ಪ್ರೇಕ್ಷಕನಿಗೆ ಕೊಲೆಗಿಂತ ದೊಡ್ಡ ಆಘಾತವಾಗಿ ಕೊಟ್ಟದ್ದು ಅವನು ಗೇ ಎಂಬ ಸುದ್ದಿ. 2022ರ ಹಿಂದಿ ಚಿತ್ರ 'ಬಧಾಯಿ ದೋ' ಇದಕ್ಕಿಂತ ಎಷ್ಟೋ ಮೇಲು. ರಾಜ್‌ಕುಮಾರ್ ರಾವ್ ಅದರಲ್ಲಿ ಡೆಹ್ರಾಡೂನಿನ ಸಬ್ ಇನ್ಸ್‌ಪೆಕ್ಟರ್. ಮೈ ಹುರಿಗೊಳಿಸಿ, ಎದೆ ಉಬ್ಬಿಸಿಕೊಂಡು ತಿರುಗುತ್ತಾನೆ. ಆ ಹುರಿಗಟ್ಟಿದ ಮೈಯೇ ಅವನು ಬಚ್ಚಿಟ್ಟುಕೊಳ್ಳುವ ಜಾಗ ಎಂಬುದನ್ನು ಚಿತ್ರ ಒಂದು ಮಾತಿನಲ್ಲೂ ಹೇಳದೆ ತೋರಿಸುತ್ತದೆ. ಮನೆಯವರ ಕಾಟ ತಪ್ಪಿಸಿಕೊಳ್ಳಲು ಅವನೂ ಹುಡುಗಿಯರನ್ನು ಪ್ರೀತಿಸುವ ಒಬ್ಬ ಪಿ.ಟಿ. ಟೀಚರೂ ಮದುವೆಯಾಗುತ್ತಾರೆ. ನಗು ಬರುತ್ತದೆ, ಆ ನಗು ಅವರದ್ದೇ.

ಇಂಥ ಒಂದು ಪಾತ್ರಕ್ಕೆ ಬದಲಾಗಿ 'ನೋಡಿ, ಇವನು ಗೇ ಆದರೂ ಎಷ್ಟು ಗಂಡಸು' ಅಂತ ತೋರಿಸಲು ಹೊರಟರೆ ಏನಾಗುತ್ತದೆ? ಅಳತೆಗೋಲು ಹಾಗೇ ಉಳಿಯುತ್ತದೆ. ಅದರೊಳಗೆ ಹಿಡಿಸುವ ಗೇಗಳಿಗೆ ಒಂದು ಬಾಗಿಲು ತೆರೆಯುತ್ತದೆ. ಹಿಡಿಸದ ಆ ಹುಡುಗ, ಸಣ್ಣ ದನಿಯ ಹುಡುಗ, ಮೊದಲಿಗಿಂತ ಒಂಟಿಯಾಗುತ್ತಾನೆ. ಈಗ ಅವನನ್ನು ಆಡಿಕೊಳ್ಳುವವರ ಸಾಲಿನಲ್ಲಿ ಮೀಸೆ ಬಿಟ್ಟ ಗೇಗಳೂ ಸೇರಿಕೊಳ್ಳುತ್ತಾರೆ. ಅತಿ ಅಂತೀರಾ? ನಮ್ಮವರ ಡೇಟಿಂಗ್ ಆ್ಯಪುಗಳನ್ನು ಒಮ್ಮೆ ನೋಡಿ. 'ಹೆಣ್ಣಿಗರು ಮೆಸೇಜ್ ಮಾಡಬೇಡಿ' ಅಂತ ನಮ್ಮವರೇ ಬರೆದುಕೊಂಡಿರುತ್ತಾರೆ. ನಿಮ್ಮ ಸೀನುಗಳನ್ನು ನೋಡಿ ಬೆಳೆದವರಲ್ಲಿ ನಾವೂ ಇದ್ದೇವಲ್ಲ.

ಕ್ರೀಡೆಯ ಆದರ್ಶಗಳ ಬಗ್ಗೆಯೂ ನನಗೆ ಇದೇ ಅರೆಮನಸ್ಸು. ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಜಸ್ಟಿನ್ ಫಶಾನು 1990ರಲ್ಲಿ ತಾನು ಗೇ ಎಂದ. ಹತ್ತು ಲಕ್ಷ ಪೌಂಡಿಗೆ ಬಿಕರಿಯಾದ ಮೊದಲ ಕಪ್ಪು ವರ್ಣದ ಬ್ರಿಟಿಷ್ ಆಟಗಾರ ಅವನು. 1998ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಅವನ ನಂತರ ಅಲ್ಲಿ ವೃತ್ತಿಪರ ಫುಟ್‌ಬಾಲ್ ಆಡುತ್ತಿರುವಾಗಲೇ ಇನ್ನೊಬ್ಬ ಗಂಡಸು ಬಾಯಿಬಿಡಲು 2022 ಬರಬೇಕಾಯಿತು. ಜೇಕ್ ಡೇನಿಯಲ್ಸ್, ಆಗ ಹದಿನೇಳರ ಹುಡುಗ. ಕ್ರಿಕೆಟ್ಟಿನಲ್ಲಿ ಇಂಗ್ಲೆಂಡಿನ ವಿಕೆಟ್ ಕೀಪರ್ ಸ್ಟೀವನ್ ಡೇವಿಸ್ 2011ರಲ್ಲೇ ಹೇಳಿಕೊಂಡ. ಇವರ ಧೈರ್ಯ ದೊಡ್ಡದು, ಅನುಮಾನವಿಲ್ಲ. ಇಂಥವರು ಪತ್ರಿಕೆಯಲ್ಲಿ ಕಾಣಿಸಿಕೊಂಡಾಗ ಎಲ್ಲೋ ಒಬ್ಬ ಹುಡುಗ ಸಮಾಧಾನದ ಉಸಿರು ಬಿಡುತ್ತಾನೆ. ಆದರೆ ಜಗತ್ತು ಅವರಿಗೆ ಚಪ್ಪಾಳೆ ತಟ್ಟುವಾಗ ಆ ಚಪ್ಪಾಳೆಯಲ್ಲಿ ಅರ್ಧ 'ನೋಡಿದ್ರೆ ಗೊತ್ತೇ ಆಗಲ್ವಲ್ಲ' ಎಂಬ ಬೆರಗಿಗೆ ಸಲ್ಲುತ್ತದೆ. ನೋಡಿದರೆ ಗೊತ್ತಾಗುವವನಿಗೆ ಚಪ್ಪಾಳೆ ಯಾವಾಗ?

2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಹಲ್ಲನ್ನು ಸುಪ್ರೀಂ ಕೋರ್ಟು ಕಿತ್ತಿತಲ್ಲ, ಆ ಮೊಕದ್ದಮೆಯ ಮೊದಲ ಅರ್ಜಿದಾರರು ನವತೇಜ್ ಸಿಂಗ್ ಜೋಹರ್. ಅವರು ಯಾವ ಪೈಲ್ವಾನರೂ ಅಲ್ಲ. ಭರತನಾಟ್ಯ ಕಲಾವಿದರು. ಸರ್ದಾರ್ಜಿ ಮನೆಯ ಹುಡುಗ ಗೆಜ್ಜೆ ಕಟ್ಟಿದ. ಇದರಲ್ಲೊಂದು ಸಿನಿಮಾ ಇದೆ ಅಂತ ನಿಮಗೆ ಅನ್ನಿಸುವುದಿಲ್ಲವೇ?

ಕನ್ನಡದಲ್ಲಿ ಈ ಕೆಲಸವನ್ನು ಸಿನಿಮಾಕ್ಕಿಂತ ಮೊದಲು ಮಾಡಿದ್ದು ಸಾಹಿತ್ಯ. ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಬಂತು. 2009ರಲ್ಲಿ ದೆಹಲಿ ಹೈಕೋರ್ಟು ಕೊಟ್ಟಿದ್ದ ಬಿಡುಗಡೆಯನ್ನು ಅದೇ 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕಿತ್ತುಕೊಂಡು ನಮ್ಮನ್ನು ಮತ್ತೆ ಅಪರಾಧಿಗಳನ್ನಾಗಿ ಮಾಡಿತು. ಅಂಥ ವರ್ಷದಲ್ಲಿ ಸಂಡೂರಿನ ಕಡೆಯ ಒಬ್ಬ ಲೇಖಕ, ಆಗಲೇ ಹೆಸರು ಮಾಡಿದ್ದವರು, ತಮ್ಮದೇ ಹೆಸರಿನಲ್ಲಿ ಈ ಕಥೆಗಳನ್ನು ಪ್ರಕಟಿಸಿದರು. ನಾನು ಅದನ್ನು ಹಳೆಯ ಸುಧಾ ಪತ್ರಿಕೆಯ ಹಾಳೆ ಸುತ್ತಿ ಓದಿದೆ, ಸ್ಟಾಫ್‌ರೂಮಿನಲ್ಲಿ. ಮೋಹನಸ್ವಾಮಿ ಆದರ್ಶ ಪುರುಷ ಅಲ್ಲವೇ ಅಲ್ಲ. ಸೈಕಲ್ ಹೊಡೆಯಲಾರದ, ಹೆದರುವ, ಹೊಟ್ಟೆಕಿಚ್ಚು ಪಡುವ, ತನ್ನನ್ನು ಬಿಟ್ಟು ಹೋಗುವವನ ಹಿಂದೆ ಬೀಳುವ ಮನುಷ್ಯ. ಹುಡುಗ ಸೈಕಲ್ ಕಲಿಯದಿರುವುದು ಊರಿನ ಕಣ್ಣಿಗೆ ಎಷ್ಟು ದೊಡ್ಡ ಲೋಪ ಎಂಬುದನ್ನು ಆ ಕಥೆ ಓದಿದ ಮೇಲೆ ಯಾರೂ ಮರೆಯಲಾರರು. ಅದೇ ಮನುಷ್ಯ ಸಂಕಲನದ ಕೊನೆಯಲ್ಲಿ ಕಿಲಿಮಂಜಾರೊ ಹತ್ತುತ್ತಾನೆ. ಹತ್ತಿದ ಮಾತ್ರಕ್ಕೆ ಗಂಡಸಾದ ಅಂತ ವಸುಧೇಂದ್ರ ಎಲ್ಲೂ ಬರೆಯುವುದಿಲ್ಲ. ಹೀಗಾಗಿಯೇ ಅದು ನಮಗೆ ಬೇಕಾದ ಪುಸ್ತಕವಾಯಿತು. ಆದರ್ಶ ಅಂತ ಯಾರನ್ನಾದರೂ ಕರೆಯಬೇಕಿದ್ದರೆ ನಾನು ಕಥೆಯೊಳಗಿನವನನ್ನು ಕರೆಯುವುದಿಲ್ಲ, ಮುಖಪುಟದ ಮೇಲೆ ಹೆಸರು ಹಾಕಿಕೊಂಡವರನ್ನು ಕರೆಯುತ್ತೇನೆ.

ನೀವು ಏನೂ ಮಾಡಿಲ್ಲ ಅಂತ ಹೇಳಿದರೆ ಅನ್ಯಾಯವಾದೀತು. ಬಿ.ಎಸ್. ಲಿಂಗದೇವರು 'ನಾನು ಅವನಲ್ಲ... ಅವಳು' ಮಾಡಿದರು, ಸಂಚಾರಿ ವಿಜಯ್ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ತಂದರು. ವಿಜಯ್ ಇಷ್ಟು ಬೇಗ ಹೋಗಬಾರದಿತ್ತು. ಜಾನಪದ ಕಲಾವಿದೆ ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ನಾಡಿಗೆ ನಾಡೇ ಹೆಮ್ಮೆಯಿಂದ ನೋಡಿತು. ಆದರೆ ಅದು ಲಿಂಗತ್ವ ಅಲ್ಪಸಂಖ್ಯಾತರ ಕಥೆ. ಗಂಡಸಾಗಿಯೇ ಇದ್ದು ಗಂಡಸನ್ನು ಪ್ರೀತಿಸುವವನ ಕಥೆ ಬೇರೆ. ನಿಮ್ಮ ಸ್ಕಿಟ್ಟುಗಳು ಇವೆರಡನ್ನೂ ಕಲಸಿ, ಸೀರೆ ಉಟ್ಟ ಗಂಡು ಕಲಾವಿದನನ್ನು ನಿಲ್ಲಿಸಿ, ಇಬ್ಬರಿಗೂ ಒಂದೇ ಏಟಿನಲ್ಲಿ ಅವಮಾನ ಮಾಡುತ್ತವೆ.

ಈಗ ಮಲಯಾಳಂ ಚಿತ್ರ 'ಕಾದಲ್' ಬಗ್ಗೆ ಸ್ವಲ್ಪ ವಿವರವಾಗಿ ಹೇಳಲು ಬಿಡಿ, ಯಾಕೆಂದರೆ ನೀವು ಅದನ್ನು ನೋಡಿ, 'ಕೇರಳದಲ್ಲಿ ನಡೆಯುತ್ತೆ ಬಿಡಿ' ಅಂತ ಎದ್ದು ಹೋದವರು. 2023ರ ನವೆಂಬರ್. ಮಮ್ಮೂಟ್ಟಿಗೆ ಎಪ್ಪತ್ತೆರಡು. ಜಿಯೋ ಬೇಬಿ ನಿರ್ದೇಶನ, ನಿರ್ಮಾಣ ಸ್ವತಃ ಮಮ್ಮೂಟ್ಟಿಯವರದ್ದೇ. ಅವರು ಮಾಡಿದ ಮ್ಯಾಥ್ಯೂ ದೇವಸ್ಸಿ ಊರಿನಲ್ಲಿ ಮರ್ಯಾದೆ ಇರುವ, ಚರ್ಚಿಗೆ ಹೋಗುವ, ಮಗಳನ್ನು ಓದಿಸಿದ ಮನುಷ್ಯ. ಪಂಚಾಯಿತಿ ಉಪಚುನಾವಣೆಗೆ ನಿಂತ ಹೊತ್ತಿನಲ್ಲೇ ಹೆಂಡತಿ ಓಮನ ವಿಚ್ಛೇದನಕ್ಕೆ ಅರ್ಜಿ ಹಾಕುತ್ತಾಳೆ, ಗಂಡ ಗೇ ಎಂಬ ಕಾರಣ ಕೊಟ್ಟು. ಮ್ಯಾಥ್ಯೂ ಪ್ರೀತಿಸಿದ ಮನುಷ್ಯ ಆ ಊರಲ್ಲೇ ಡ್ರೈವಿಂಗ್ ಸ್ಕೂಲ್ ನಡೆಸುವ ಸಾಧಾರಣ ಆಸಾಮಿ. ಇಡೀ ಚಿತ್ರದಲ್ಲಿ ಮಮ್ಮೂಟ್ಟಿಗೆ ಒಂದು ಪಂಚ್ ಡೈಲಾಗ್ ಇಲ್ಲ. ಹೆಚ್ಚಿನ ಸೀನುಗಳಲ್ಲಿ ಸುಮ್ಮನೆ ಕೂತಿರುತ್ತಾರೆ. ಎಲ್ಲಕ್ಕಿಂತ ಮುಖ್ಯ, ಚಿತ್ರ ಮ್ಯಾಥ್ಯೂನನ್ನು ತೊಳೆದ ಮುತ್ತಾಗಿ ತೋರಿಸುವುದಿಲ್ಲ. ಅವನ ಹೆದರಿಕೆಗೆ ಒಬ್ಬ ಹೆಂಗಸಿನ ಬಾಳು ಖರ್ಚಾಗಿದೆ ಎಂಬುದನ್ನು ಓಮನ ಪಾತ್ರದ ಜ್ಯೋತಿಕಾ ಮುಖದಲ್ಲಿ ಇಟ್ಟು ತೋರಿಸುತ್ತದೆ. ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಕೇರಳ ರಾಜ್ಯ ಪ್ರಶಸ್ತಿ ಅದಕ್ಕೇ ಬಂತು.

ಈ ಪಾತ್ರ ಯಾರಿಗೆ ಆದರ್ಶ? ಯಾರಿಗೂ ಅಲ್ಲ. ಹಿಂದಿ ಚಿತ್ರ 'ಅಲಿಗಢ'ದಲ್ಲಿ ಮನೋಜ್ ಬಾಜಪೇಯಿ ಮಾಡಿದ ಪ್ರೊಫೆಸರ್ ಸಿರಸ್ ಕೂಡ ಅಷ್ಟೇ. ಅಲಿಗಢದ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದ, ಕೆಲಸದಿಂದ ಅಮಾನತಾಗಿ 2010ರಲ್ಲಿ ತೀರಿಕೊಂಡ ನಿಜವಾದ ಮೇಷ್ಟ್ರ ಕಥೆ ಅದು. ಪರದೆಯ ಮೇಲೆ ಅವರು ವಿಸ್ಕಿ ಹೀರುತ್ತ ಲತಾ ಮಂಗೇಶ್ಕರ್ ಹಾಡು ಕೇಳುತ್ತ ಕೂರುತ್ತಾರೆ, ತಮ್ಮ ಬಗ್ಗೆ ಹೋರಾಟಗಾರರು ಆಡುವ ದೊಡ್ಡ ದೊಡ್ಡ ಮಾತು ಕೇಳಿ ತಬ್ಬಿಬ್ಬಾಗುತ್ತಾರೆ. ನಾನೂ ಮೇಷ್ಟ್ರು. ಆ ಒಂಟಿ ಕೋಣೆ, ಆ ಪುಸ್ತಕದ ರಾಶಿ ನನಗೆ ತೀರಾ ಗುರುತಿನದ್ದು. ಹತ್ತು ಹೀರೋಗಳಿಂದ ಸಿಗದ ಧೈರ್ಯ ಆ ತಬ್ಬಿಬ್ಬಾದ ಮನುಷ್ಯನಿಂದ ಸಿಕ್ಕಿತು.

ನಿಮ್ಮ ಆಕ್ಷೇಪಗಳೂ ಗೊತ್ತು. ಪ್ರೊಡ್ಯೂಸರ್ ಒಪ್ಪುವುದಿಲ್ಲ. ಇರಬಹುದು. ಅದರ ಬಗ್ಗೆ ನನ್ನ ಹತ್ತಿರ ಔಷಧಿ ಇಲ್ಲ, ದೊಡ್ಡ ನಟನೊಬ್ಬ ಮುಂದೆ ಬಂದು ಕೈಯಿಂದ ದುಡ್ಡು ಹಾಕಬೇಕು. ಅಂಥದ್ದನ್ನು ಕನ್ನಡದಲ್ಲಿ ನಾನಿನ್ನೂ ನೋಡಿಲ್ಲ. ಜನ ನಗುತ್ತಾರೆ, ನಾವೇನು ಮಾಡೋಣ ಅಂತೀರಿ. ಇದನ್ನು ಮಾತ್ರ ಒಪ್ಪುವುದಿಲ್ಲ. ಉಗ್ಗುವವರನ್ನು, ಕುಳ್ಳರನ್ನು, ದಪ್ಪಗಿರುವವರನ್ನು ತೋರಿಸಿದರೂ ನಗುತ್ತಿದ್ದರು, ನಿಮ್ಮಲ್ಲೇ ಬಹಳ ಜನ ಈಗ ಅದನ್ನು ಬರೆಯಲು ನಾಚುತ್ತೀರಿ. ನಾಚಿಕೆ ಅಲ್ಲಿ ಬಂದದ್ದು ಇಲ್ಲಿಗೂ ಬರಬಹುದು.

ನಗಿಸಬೇಡಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಬದುಕಿನಲ್ಲಿ ಇರುವಷ್ಟು ಕಾಮಿಡಿ ನಿಮ್ಮ ಯಾವ ಟ್ರ್ಯಾಕಿನಲ್ಲೂ ಇಲ್ಲ. ಬೆಂಗಳೂರಿನಲ್ಲಿ ಮದುವೆಯಾಗದ ಹುಡುಗ ಹುಡುಗಿ ಒಟ್ಟಿಗೆ ಬಾಡಿಗೆ ಮನೆ ಕೇಳಲಿ, ಮಾಲೀಕರು ಹುಬ್ಬು ಗಂಟಿಕ್ಕುತ್ತಾರೆ. ಇಬ್ಬರು ಗಂಡಸರು ಕೇಳಲಿ, 'ಹುಡುಗೀರನ್ನ ಕರ್ಕೊಂಡ್ ಬರಬಾರ್ದು' ಎಂಬ ಒಂದೇ ಷರತ್ತು. ನಾನು ಮತ್ತು ನನ್ನ ಜೊತೆಗಾರ ಆ ಷರತ್ತನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದ್ದೇವೆಂದರೆ ಮಾಲೀಕರ ಹೆಂಡತಿ, ಪಾಪ ಆ ಅಮ್ಮ, ಊರಿನ ಹುಡುಗರಿಗೆಲ್ಲ ನಮ್ಮನ್ನೇ ಮಾದರಿಯಾಗಿ ತೋರಿಸುತ್ತಿದ್ದರು. ಗೃಹಪ್ರವೇಶಕ್ಕೆ, ಮುಂಜಿ ಮನೆಗೆ ಹೋದರೆ ದೊಡ್ಡಮ್ಮಂದಿರು ಜಾತಕ ಹಿಡಿದು ಕಾಯುತ್ತಿರುತ್ತಾರೆ. ನಲವತ್ತಾಯಿತು ಅಂದರೆ ವಿಚ್ಛೇದಿತೆ ಪರವಾಗಿಲ್ಲವಾ ಅಂತಾರೆ, ಐವತ್ತಾಯಿತು ಅಂದರೆ 'ಅಡುಗೆಗೆ ಯಾರಿದಾರೋ ಮಗಾ' ಅಂತಾರೆ. ಅಡುಗೆ ಮಾಡುವ ಮಹಾಶಯ ಅಲ್ಲೇ ಪಂಕ್ತಿಯಲ್ಲಿ ಕೂತು ಪಾಯಸ ಕೇಳುತ್ತಿರುತ್ತಾನೆ. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಸಂಗಾತಿಯನ್ನೇ ನಾಮಿನಿ ಮಾಡಲು ನಮ್ಮಂಥವರಿಗೆ ಯಾವ ಅಡ್ಡಿಯೂ ಇಲ್ಲ ಅಂತ ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. 'ಸಂಬಂಧ' ಎಂಬ ಕಾಲಮ್ಮಿನಲ್ಲಿ ಏನು ತುಂಬುವುದೆಂದು ಕೌಂಟರಿನ ಆಚೆ ಈಚೆ ಇಬ್ಬರೂ ಪರದಾಡುವ ಒಂದು ಸೀನು ಬರೆದು ನೋಡಿ. ಮದುವೆಯ ಹಕ್ಕನ್ನು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಕೊಡಲಿಲ್ಲವಲ್ಲ, ಆ ಕಾಲಮ್ಮಿಗೆ ಇನ್ನೂ ಪದವಿಲ್ಲ. ಸೆಂಟಿಮೆಂಟು ಬೇಕಿದ್ದವರಿಗೆ ಅದೂ ಅಲ್ಲೇ ಸಿಗುತ್ತದೆ.

ಹೀಗೆ ಬರೆಯುವಾಗ ಅವನ ನಡಿಗೆ ಒನಪಾಗಿದ್ದರೆ ಹಾಗೇ ಇರಲಿ. ಮುಚ್ಚಬೇಡಿ. ಸಣ್ಣ ದನಿಯಲ್ಲೇ ಮಾತಾಡಲಿ, ಕಣ್ಣಿಗೆ ಕಾಡಿಗೆ ಬೇಕೆಂದರೆ ಹಚ್ಚಿಕೊಳ್ಳಲಿ. ಆದರೆ ಒಂದು ಹೆಸರು ಕೊಡಿ, ಒಂದು ನೌಕರಿ ಕೊಡಿ, ಕೆಎಸ್‌ಆರ್‌ಟಿಸಿ ಕಂಡಕ್ಟರ್ ಆಗಲಿ, ಗ್ರಾಮಲೆಕ್ಕಿಗ ಆಗಲಿ, ಪಂಚ್ ಡೈಲಾಗ್ ಅವನ ಬಾಯಿಗೆ ಕೊಡಿ. ಹೀರೋಗೆ ಕಷ್ಟ ಬಂದಾಗ ಐದು ಸಾವಿರ ಸಾಲ ಕೊಡುವ ಗೆಳೆಯ ಅವನೇ ಆಗಲಿ. ಆ 'ಟೊಯ್ಂಯ್' ಸದ್ದನ್ನು ಮಾತ್ರ ರೀರೆಕಾರ್ಡಿಂಗ್‌ನವರ ಕೈಯಿಂದ ಕಸಿದುಕೊಳ್ಳಿ. ಕಂಡಕ್ಟರ್ ಸೀಟಿ ಊದಿದರೆ ಸಾಕು, ಬಸ್ಸು ಹೊರಡುತ್ತದೆ.

ನಿಮ್ಮಲ್ಲಿಯೇ ಕೆಲವರು ಗೇ ಇದ್ದೀರಿ, ಈ ಪತ್ರವನ್ನು ಬೇರೆಯವರಿಗಿಂತ ವೇಗವಾಗಿ ಓದಿ ಬದಿಗಿಟ್ಟವರು. ನಿಮ್ಮ ಮೇಲೆ ಯಾವ ಒತ್ತಾಯವೂ ಇಲ್ಲ. ಹೇಳಿಕೊಳ್ಳುವುದು ಬಿಡುವುದು ನಿಮ್ಮ ನಿಮ್ಮ ಅನುಕೂಲ, ಮನೆಯ ಪರಿಸ್ಥಿತಿ, ಬಾಡಿಗೆ ಕಟ್ಟುವ ತಾಪತ್ರಯ. ಅಂಥ ಸೀನು ನಿಮ್ಮ ಪಾಲಿಗೆ ಬಂದಾಗ 'ಇದು ವರ್ಕೌಟ್ ಆಗಲ್ಲ ಸಾರ್' ಅಂತ ಹೇಳಿ ತಪ್ಪಿಸಿದರೂ ಆಯಿತು. ಕಾರಣ ಕೊಡಬೇಕಾಗಿಲ್ಲ.

ಕಡೆಗೆ ಒಂದು ಷರತ್ತು. ನೀವು ನಿಜವಾಗಿ ಅಂಥ ಪಾತ್ರ ಬರೆದರೆ ಅವನನ್ನು ಸಾಯಿಸಬೇಡಿ. ರೋಗ ಕೊಟ್ಟು ಬೇಡ, ನೇಣು ಹಾಕಿಸಿ ಬೇಡ, ಹೀರೋಗೆ ಬಂದ ಗುಂಡಿಗೆ ಎದೆಯೊಡ್ಡಿಸಿಯೂ ಬೇಡ. ಪರದೆಯ ಮೇಲೆ ನಾವು ಸತ್ತದ್ದು ಸಾಕಷ್ಟಾಗಿದೆ. ಕ್ಲೈಮ್ಯಾಕ್ಸಿನ ಫೈಟ್ ನಡೆಯುತ್ತಿರುವಾಗ ಅವನಿಗೆ ಬೆಳಗಿನ ಶಿಫ್ಟ್ ಇದೆ ಎಂದು ಮನೆಗೆ ಕಳಿಸಿಬಿಡಿ.

ಇಂತಿ,
ಟಿಕೆಟ್ ತೆಗೆದುಕೊಂಡೇ ನೋಡುವ ನಿಮ್ಮ ಒಬ್ಬ ಪ್ರೇಕ್ಷಕ